ವಾರಕ್ಕೆ ಹತ್ತು ನಿಮಿಷ: ಒಂದು ಬೈಕು, ಎರಡು ಚಳಿಗಾಲ

2023ರ ಏಪ್ರಿಲ್ ಎರಡನೆಯ ವಾರ ಅಮೆರಿಕದ ಮಿನೆಸೋಟಾ ರಾಜ್ಯದ ರಾಚೆಸ್ಟರ್‌ನಲ್ಲಿ ಇದ್ದಕ್ಕಿದ್ದಂತೆ ಬೇಸಿಗೆಯಂಥ ಬಿಸಿಲು ಬಂತು. ಅಂಗಳದ ಮೂಲೆಗಳಲ್ಲಿ ಕಪ್ಪಾಗಿ ಗುಡ್ಡೆ ಬಿದ್ದಿದ್ದ ಹಿಮ ಮೂರ್ನಾಲ್ಕು ದಿನಗಳಲ್ಲಿ ಕರಗಿ ಚರಂಡಿ ಸೇರಿತು. ಆ ಶನಿವಾರ ಬೆಳಿಗ್ಗೆ ದಾವಣಗೆರೆಯ ಹುಡುಗನೊಬ್ಬ ಫೋನ್ ಮಾಡಿದ. ಸಾಫ್ಟ್‌ವೇರ್ ಕೆಲಸಕ್ಕೆಂದು ಈ ಊರಿಗೆ ಬಂದು ಅವನಿಗೆ ಒಂದು ವರ್ಷವಾಗಿತ್ತು. "ಅಣ್ಣಾ, ಬೈಕು ಸ್ಟಾರ್ಟ್ ಆಗುತ್ತಿಲ್ಲ. ಚಳಿಗಾಲದಲ್ಲಿ ಅದನ್ನು ಹಾಗೇ ಬಿಟ್ಟಿರಲಿಲ್ಲ. ವಾರಕ್ಕೊಮ್ಮೆ ತಪ್ಪದೆ ಹತ್ತು ನಿಮಿಷ ಓಡಿಸಿಟ್ಟಿದ್ದೇನೆ. ಹಾಗಿದ್ದೂ ಏನಾಯಿತೋ ಗೊತ್ತಾಗುತ್ತಿಲ್ಲ" ಎಂದ.

ಹಾಗೆ ವಾರಕ್ಕೊಮ್ಮೆ ಓಡಿಸಿಟ್ಟದ್ದೇ ಬೈಕಿಗೆ ಮುಳುವಾಗಿತ್ತು. ಅವನು ಸೋಮಾರಿತನ ಮಾಡಿರಲಿಲ್ಲ. ಶ್ರದ್ಧೆಯಿಂದ, ಕೊರೆಯುವ ಚಳಿಯಲ್ಲಿ ಕೈಗವಸು ಹಾಕಿಕೊಂಡು ಗ್ಯಾರೇಜಿಗೆ ಹೋಗಿ ಮಾಡಿದ ಕೆಲಸವೇ ಹಾನಿ ಮಾಡಿತ್ತು. ಈ ಪ್ರಕರಣವನ್ನು ವಿವರವಾಗಿ ಬರೆದಿಡಬೇಕೆಂದು ನನಗೆ ಅನ್ನಿಸಿದ್ದು ಅದಕ್ಕಾಗಿಯೇ.

ಮೊದಲು ಬೈಕಿನ ವಿಷಯ. 411 ಸಿಸಿಯ ಒಂಟಿ ಸಿಲಿಂಡರ್ ಎಂಜಿನ್, ಗಾಳಿಯಿಂದಲೇ ತಣಿಯುವಂಥದ್ದು. ಕಾರ್ಬ್ಯುರೇಟರ್ ಇಲ್ಲ, ಇಂಜೆಕ್ಟರ್ ಇದೆ. ಟ್ಯಾಂಕಿಗೆ 15 ಲೀಟರ್ ಹಿಡಿಸುತ್ತದೆ. ಬ್ಯಾಟರಿ 12 ವೋಲ್ಟಿನ ಚಿಕ್ಕ ಲೆಡ್-ಆ್ಯಸಿಡ್ ಬ್ಯಾಟರಿ. ಕಿಕ್ಕರ್ ಇಲ್ಲ, ಡಬಲ್ ಸ್ಟ್ಯಾಂಡ್ ಇದೆ. ಸೆಕೆಂಡ್ ಹ್ಯಾಂಡ್ ಕೊಂಡ, ಆದರೆ ಚೆನ್ನಾಗಿ ಓಡುತ್ತಿದ್ದ ಗಾಡಿ. ಅವನು ಬಾಡಿಗೆಗಿದ್ದ ಮನೆಯ ಹಿಂದೆ, ಮನೆಗೆ ಅಂಟಿಕೊಳ್ಳದೆ ಪ್ರತ್ಯೇಕವಾಗಿ ನಿಂತ ಮರದ ಗ್ಯಾರೇಜಿನಲ್ಲಿ, ಕಾರಿನ ಪಕ್ಕದಲ್ಲೇ ಅದರ ಜಾಗ. ಗ್ಯಾರೇಜಿಗೆ ಹೀಟರ್ ಇಲ್ಲ.

2022ರ ನವೆಂಬರ್ ನಡುವೆ ಮೊದಲ ಹಿಮ ಬಿದ್ದಾಗ ಅವನು ಅಪ್ಪನನ್ನು ಕೇಳಿದ್ದ. ಅವರು ದಾವಣಗೆರೆಯಿಂದ ಕೊಟ್ಟ ಸಲಹೆ ನಮ್ಮಲ್ಲಿ ಪ್ರತಿಯೊಬ್ಬ ಅಪ್ಪನೂ ಕೊಡುವಂಥದ್ದು: "ಬಹಳ ದಿನ ಸುಮ್ಮನೆ ನಿಲ್ಲಿಸಬೇಡ. ವಾರಕ್ಕೊಮ್ಮೆ ಸ್ಟಾರ್ಟ್ ಮಾಡಿ ಹತ್ತು ನಿಮಿಷ ಬಿಡು."

ಆ ಸಲಹೆಯನ್ನು ನಾನು ಹಗುರವಾಗಿ ನೋಡುವವನಲ್ಲ. ಮೈಸೂರಿನಲ್ಲಿ ನಮ್ಮ ತಂದೆಯವರ ಬಳಿ ಯೆಜ್ಡಿ ಇತ್ತು. ಅದು ನಮ್ಮೂರಿನ ಕಾರ್ಖಾನೆಯಲ್ಲೇ ಹುಟ್ಟಿದ ಗಾಡಿ. 1996ರಲ್ಲಿ ಆ ಕಾರ್ಖಾನೆ ಮುಚ್ಚಿದ ಮೇಲೂ ನಮ್ಮ ಮನೆಯಲ್ಲಿ ಅದು ಎಷ್ಟೋ ವರ್ಷ ಓಡಿತು. ಗೇರ್ ಹಾಕುವ ಲಿವರನ್ನೇ ಒಳಕ್ಕೆ ಒತ್ತಿ ಮೇಲಕ್ಕೆತ್ತಿದರೆ ಅದೇ ಕಿಕ್ಕರ್ ಆಗುತ್ತಿತ್ತು. ಮಳೆಗಾಲದಲ್ಲಿ ತಿಂಗಳುಗಟ್ಟಲೆ ಜಗಲಿಯ ಮೇಲೆ ನಿಂತಿದ್ದರೂ ನಾಲ್ಕಾರು ಕಿಕ್ಕಿಗೆ ಹೊಗೆ ಉಗುಳಿ ಎದ್ದುಬಿಡುತ್ತಿತ್ತು. ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಪೆಟ್ರೋಲಿನ ಜೊತೆಗೇ ಎಣ್ಣೆ ಬೆರೆತಿರುತ್ತದೆ. ಹಾಗಾಗಿ ಪ್ರತಿ ಸಲ ಸ್ಟಾರ್ಟ್ ಮಾಡಿದಾಗ ಸಿಲಿಂಡರಿನ ಒಳಗೋಡೆಗೆ ಎಣ್ಣೆಯ ಹೊಸ ಲೇಪ ಬೀಳುತ್ತಿತ್ತು. ಕಾರ್ಬ್ಯುರೇಟರಿನ ಬಟ್ಟಲಿನಲ್ಲಿ ನಿಂತ ಹಳೆಯ ಪೆಟ್ರೋಲು ಖರ್ಚಾಗಿ ಹೊಸದು ಬರುತ್ತಿತ್ತು. ಹೊರಗಿನ ಗಾಳಿಯೂ 25 ಡಿಗ್ರಿಯ ಆಸುಪಾಸಿನಲ್ಲಿರುತ್ತಿದ್ದುದರಿಂದ ಎಂಜಿನ್ ಬೇಗ ಬಿಸಿಯಾಗುತ್ತಿತ್ತು. ಆ ಗಾಡಿಗೆ, ಆ ಊರಿಗೆ ಅಪ್ಪಂದಿರ ಮಾತು ಸರಿಯಾಗಿಯೇ ಇತ್ತು. ಅದೇ ಮಾತನ್ನು ರಾಚೆಸ್ಟರಿನ ಜನವರಿಗೆ ತಂದದ್ದರಿಂದ ಕೆಟ್ಟಿತು.

ಏಪ್ರಿಲ್‌ನಲ್ಲಿ ಕಂಡದ್ದು

ನಾನು ಹೋದಾಗ ಬೈಕು ಸೈಡ್ ಸ್ಟ್ಯಾಂಡಿನ ಮೇಲೆ, ನೀಲಿ ಪ್ಲಾಸ್ಟಿಕ್ ಟಾರ್ಪಾಲಿನ್ ಹೊದ್ದು ನಿಂತಿತ್ತು. ಟಾರ್ಪಾಲಿನ್ ತೆಗೆದಾಗ ಅದರ ಒಳಮೈ ಒದ್ದೆಯಾಗಿತ್ತು. ನೀರಿನ ಹನಿಗಳು ಸಾಲುಗಟ್ಟಿ ಟ್ಯಾಂಕಿನ ಮೇಲೆ ಇಳಿದ ಗುರುತುಗಳಿದ್ದವು.

ಬ್ಯಾಟರಿಯ ಪ್ಲಾಸ್ಟಿಕ್ ಪೆಟ್ಟಿಗೆ ಎರಡೂ ಪಕ್ಕಗಳಲ್ಲಿ ಉಬ್ಬಿತ್ತು. ಮಲ್ಟಿಮೀಟರ್ ಇಟ್ಟರೆ ನಾಲ್ಕು ವೋಲ್ಟೂ ಇಲ್ಲ. ಅವನೇ ಹೇಳಿದ ಪ್ರಕಾರ ಡಿಸೆಂಬರ್ ಕೊನೆಯ ಹೊತ್ತಿಗೆ ಸ್ಟಾರ್ಟರ್ ಮೋಟರ್ ನಿಧಾನವಾಗಿ ತಿರುಗತೊಡಗಿತ್ತು, ಜನವರಿ ಕೊನೆಗೆ 'ಟಿಕ್ ಟಿಕ್' ಎಂಬ ಸದ್ದು ಮಾತ್ರ ಉಳಿದಿತ್ತು. ಅಲ್ಲಿಗೆ ಅವನು ಕೈಬಿಟ್ಟಿದ್ದ. ಬರಿದಾದ ಬ್ಯಾಟರಿ ಫೆಬ್ರವರಿಯ ಚಳಿಯಲ್ಲಿ ಹೆಪ್ಪುಗಟ್ಟಿತ್ತು. ಪೂರ್ತಿ ಚಾರ್ಜ್ ಇರುವ ಲೆಡ್-ಆ್ಯಸಿಡ್ ಬ್ಯಾಟರಿಯ ದ್ರಾವಣ ಸೊನ್ನೆಗಿಂತ 50 ಡಿಗ್ರಿ ಕೆಳಗೆ ಇಳಿದರೂ ಹೆಪ್ಪುಗಟ್ಟುವುದಿಲ್ಲ. ಚಾರ್ಜ್ ಇಳಿದಂತೆ ಆಮ್ಲ ತೆಳುವಾಗಿ, ದ್ರಾವಣ ನೀರಿಗೆ ಹತ್ತಿರವಾಗುತ್ತದೆ. ಪೂರ್ತಿ ಬರಿದಾದದ್ದು ಸೊನ್ನೆಗಿಂತ ಏಳೆಂಟು ಡಿಗ್ರಿ ಕೆಳಗೇ ಗಟ್ಟಿಯಾಗಬಹುದು. ಮಿನೆಸೋಟಾದಲ್ಲಿ ಅಷ್ಟು ಚಳಿ ಚಳಿಗಾಲದ ಯಾವ ದಿನವೂ ಬರಬಹುದು. ಇಂಥ ಉಬ್ಬಿದ ಬ್ಯಾಟರಿಗೆ ಕಾರಿನ ಬ್ಯಾಟರಿಯಿಂದ ತಂತಿ ಕೊಟ್ಟು ಎಬ್ಬಿಸಲು ಯಾರೂ ಹೋಗಬಾರದು. ಅದು ಒಡೆದು ಆಮ್ಲ ಮುಖಕ್ಕೆ ಸಿಡಿಯಬಹುದು. ಹುಡುಗ ಆ ಪ್ರಯತ್ನ ಮಾಡಿರಲಿಲ್ಲ ಎಂದು ತಿಳಿದು ನನಗೆ ನಿಜಕ್ಕೂ ಸಮಾಧಾನವಾಯಿತು.

ಆಮೇಲೆ ಎಂಜಿನ್ ಆಯಿಲ್ ಹಾಕುವ ಮುಚ್ಚಳ ತಿರುಗಿಸಿ ತೆಗೆದೆ. ಒಳಬದಿಯಲ್ಲಿ ಹಾಲಿನ ಕೆನೆಯಂಥ, ಕಂದು ಮಿಶ್ರಿತ ಬಿಳಿಯ ಲೋಳೆ ಬೆರಳಿನಷ್ಟು ದಪ್ಪಕ್ಕೆ ಕಟ್ಟಿತ್ತು. ಆಯಿಲ್ ಇಳಿಸಿದಾಗ ಬಂದದ್ದು ಹಾಲು ಹೆಚ್ಚು ಹಾಕಿದ ಕಾಫಿಯ ಬಣ್ಣದ್ದು. ಎಣ್ಣೆಗೆ ನೀರು ಕಡೆದು ಬೆರೆತರೆ ಮಾತ್ರ ಹಾಗಾಗುತ್ತದೆ. ನೀರಿನಿಂದ ತಣಿಯುವ ಎಂಜಿನ್ ಆಗಿದ್ದರೆ ಗ್ಯಾಸ್ಕೆಟ್ ಸೋರಿರಬಹುದೇ ಎಂದು ಹುಡುಕಬೇಕಿತ್ತು. ಇದರಲ್ಲಿ ಕೂಲಂಟೇ ಇಲ್ಲ. ನೀರು ಹೊರಗಿನಿಂದ ಬಂದಿರಲಿಲ್ಲ, ಎಂಜಿನ್ನೇ ಅದನ್ನು ತಯಾರಿಸಿತ್ತು.

ಸೈಲೆನ್ಸರ್ ಬಿಚ್ಚಿ ಬಗ್ಗಿಸಿದಾಗ ಒಂದು ಲೋಟದಷ್ಟು ತುಕ್ಕುನೀರು ಸುರಿಯಿತು, ಜೊತೆಗೆ ತುಕ್ಕಿನ ಹೊಪ್ಪಳೆಗಳೂ ಉದುರಿದವು. ಸ್ಪಾರ್ಕ್ ಪ್ಲಗ್ ಮಸಿ ಹಿಡಿದು ಕಪ್ಪಾಗಿತ್ತು. ಚೈನಿನ ಕೊಂಡಿಗಳು ಅಲ್ಲಲ್ಲಿ ಮಡಚಿದಂತೆ ಬಿಗಿದು ನಿಂತಿದ್ದವು. ಮುಂದಿನ ಫೋರ್ಕಿನ ಹೊಳೆಯುವ ಕೊಳವೆಗಳ ಮೇಲೆ, ಕಾರಿನ ಕಡೆಗಿದ್ದ ಪಕ್ಕದಲ್ಲಿ ಮಾತ್ರ, ಸಾಸಿವೆ ಕಾಳಿನಷ್ಟು ತುಕ್ಕಿನ ಚುಕ್ಕೆಗಳಿದ್ದವು. ಗಾಳಿ ಕಳೆದುಕೊಂಡ ಹಿಂದಿನ ಟಯರ್ ನೆಲಕ್ಕೆ ತಾಗಿದ ಜಾಗದಲ್ಲಿ ಚಪ್ಪಟೆಯಾಗಿತ್ತು.

ಏರ್ ಫಿಲ್ಟರಿನ ಪೆಟ್ಟಿಗೆ ತೆರೆದಾಗ ಹುಡುಗ ಹಿಂದಕ್ಕೆ ಜಿಗಿದ. ಸೀಟಿನ ಸ್ಪಂಜು, ಒಣಹುಲ್ಲು, ಫಿಲ್ಟರಿನದೇ ಕಾಗದ ಎಲ್ಲವನ್ನೂ ಸೇರಿಸಿ ಇಲಿ ಗೂಡು ಕಟ್ಟಿತ್ತು. ಅವನು ಕೈಹಾಕಿ ಎಳೆಯಲು ಹೋದ, ನಾನು ತಡೆದೆ. ಇಲ್ಲಿನ ಕೆಲವು ಜಾತಿಯ ಕಾಡು ಇಲಿಗಳ ಹಿಕ್ಕೆಯ ಧೂಳಿನಿಂದ ಹಂಟಾವೈರಸ್ ತಗುಲಬಹುದು. ಅಪರೂಪವೇ ಆದರೂ ಪ್ರಾಣಕ್ಕೆ ಎರವಾಗುವ ಕಾಯಿಲೆ. ಅಂಥ ಗೂಡನ್ನು ಒಣಗಿದ್ದಾಗ ಗುಡಿಸಬಾರದು, ಗಾಳಿಯಿಂದ ಊದಬಾರದು. ಬ್ಲೀಚ್ ಬೆರೆಸಿದ ನೀರು ಸಿಂಪಡಿಸಿ, ನೆನೆಯಲು ಬಿಟ್ಟು, ಕೈಗವಸು ಹಾಕಿಕೊಂಡು ಚೀಲಕ್ಕೆ ತುಂಬಬೇಕು. ಹಾಗೆಯೇ ಮಾಡಿದೆವು.

ಇನ್ನು ಪೆಟ್ರೋಲು. ಇದರ ಬಗ್ಗೆ ಎಲ್ಲರೂ ಹೆದರಿಸುವುದು ಒಂದೇ ಮಾತಿನಿಂದ: ಎಥನಾಲ್ ಬೆರೆತ ಪೆಟ್ರೋಲು ಗಾಳಿಯ ತೇವ ಹೀರಿಕೊಂಡು ಎರಡು ಪದರವಾಗಿ ಒಡೆಯುತ್ತದೆ ಎಂದು. ತೇವ ಮಿತಿ ಮೀರಿದರೆ ಹಾಗಾಗುವುದು ನಿಜ, ಚಳಿ ಹೆಚ್ಚಿದಷ್ಟೂ ಆ ಮಿತಿ ಕೆಳಗಿಳಿಯುವುದೂ ನಿಜ. ಆದರೆ ನಾವು ಟ್ಯಾಂಕಿನಿಂದ ಗಾಜಿನ ಜಾಡಿಗೆ ಇಳಿಸಿ ಒಂದು ಗಂಟೆ ಇಟ್ಟ ಪೆಟ್ರೋಲಿನಲ್ಲಿ ಯಾವ ಪದರವೂ ಕಾಣಲಿಲ್ಲ. ವಾಸನೆ ಸ್ವಲ್ಪ ಹಳಸಿತ್ತು, ಅಷ್ಟೇ. ನಿಜವಾದ ಹಾನಿ ಟ್ಯಾಂಕಿನಲ್ಲೇ ಆಗಿತ್ತು. ಅವನು ಅರ್ಧ ಟ್ಯಾಂಕ್ ಪೆಟ್ರೋಲಿನಲ್ಲಿ ನಿಲ್ಲಿಸಿದ್ದ. ಟಾರ್ಚ್ ಹಿಡಿದು ನೋಡಿದರೆ ಪೆಟ್ರೋಲಿದ್ದ ಮಟ್ಟದವರೆಗೆ ತಗಡು ಹೊಳೆಯುತ್ತಿತ್ತು, ಅಲ್ಲಿಂದ ಮೇಲೆ ಕೆಂಪಗೆ ತುಕ್ಕು ಹಿಡಿದಿತ್ತು. ಗೆರೆ ಎಳೆದಷ್ಟು ಸ್ಪಷ್ಟ. ಖಾಲಿ ಜಾಗದ ಗಾಳಿಯಲ್ಲಿದ್ದ ತೇವ ತಣ್ಣನೆಯ ತಗಡಿನ ಮೇಲೆ ಬೆವರಿನಂತೆ ಇಳಿದು, ಆರಿ, ಮತ್ತೆ ಇಳಿದು ಐದು ತಿಂಗಳಲ್ಲಿ ಅಷ್ಟನ್ನು ತಿಂದಿತ್ತು.

ನೀರು ಎಲ್ಲಿಂದ ಬಂತು

ಒಂದು ಲೀಟರ್ ಪೆಟ್ರೋಲು ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಹುಟ್ಟುತ್ತದೆ. ಇದು ಅನೇಕರಿಗೆ ನಂಬಲು ಕಷ್ಟವಾಗುತ್ತದೆ, ಆದರೆ ಶಾಲೆಯ ರಸಾಯನಶಾಸ್ತ್ರವೇ. ಪೆಟ್ರೋಲಿನಲ್ಲಿರುವ ಹೈಡ್ರೋಜನ್ ಗಾಳಿಯ ಆಮ್ಲಜನಕದೊಂದಿಗೆ ಸೇರಿ ನೀರಾಗುತ್ತದೆ. ಎಂಜಿನ್ ಬಿಸಿಯಾಗಿದ್ದರೆ ಆ ನೀರು ಆವಿಯಾಗಿಯೇ ಸೈಲೆನ್ಸರಿನಿಂದ ಹೊರಗೆ ಹೋಗುತ್ತದೆ. ಸ್ವಲ್ಪ ಭಾಗ ಪಿಸ್ಟನ್ನಿನ ಪಕ್ಕದಿಂದ ಜಾರಿ ಕೆಳಗೆ ಆಯಿಲ್ ಇರುವ ಜಾಗಕ್ಕೂ ಇಳಿಯುತ್ತದೆ. ದಿನವೂ ಓಡುವ ಗಾಡಿಯಲ್ಲಿ ಆಯಿಲ್ 90, 100 ಡಿಗ್ರಿಗೆ ಕಾದು ಆ ತೇವವನ್ನೂ ಆವಿ ಮಾಡಿ ಹೊರಗಟ್ಟುತ್ತದೆ.

ಸೊನ್ನೆಗಿಂತ 15 ಡಿಗ್ರಿ ಕೆಳಗಿನ ಗ್ಯಾರೇಜಿನಲ್ಲಿ ನಿಂತಲ್ಲೇ ಹತ್ತು ನಿಮಿಷ ಎಂಜಿನ್ ಓಡಿಸಿದರೆ ಏನಾಗುತ್ತದೆ? ಸಿಲಿಂಡರಿನ ತಲೆ ಕೈಗೆ ಬಿಸಿ ತಾಗುತ್ತದೆ, ಅದನ್ನು ಮುಟ್ಟಿ ನೋಡಿ ಸಾಕು ಅನ್ನಿಸುತ್ತದೆ. ಆದರೆ ಕೆಳಗಿನ ಆಯಿಲ್ ಉಗುರುಬೆಚ್ಚಗೂ ಆಗಿರುವುದಿಲ್ಲ. ಸೈಲೆನ್ಸರಿನ ಬಾಲವಂತೂ ತಣ್ಣಗೇ ಇರುತ್ತದೆ. ಹುಟ್ಟಿದ ಆವಿ ತಣ್ಣನೆಯ ಲೋಹಕ್ಕೆ ತಾಗಿದಲ್ಲೆಲ್ಲ ನೀರಾಗಿ ಕೂರುತ್ತದೆ. ಜೊತೆಗೆ ಚಳಿಯಲ್ಲಿ ಎಂಜಿನ್ ಎದ್ದೇಳಲೆಂದು ಇಂಜೆಕ್ಟರ್ ಹೆಚ್ಚು ಪೆಟ್ರೋಲು ಸುರಿಯುತ್ತದೆ. ಅದು ಪೂರ್ತಿ ಉರಿಯದೆ ಪ್ಲಗ್ಗಿಗೆ ಮಸಿಯಾಗಿ ಹಿಡಿಯುತ್ತದೆ, ಸಿಲಿಂಡರಿನ ಗೋಡೆಯ ಎಣ್ಣೆಯನ್ನು ತೊಳೆದು ಆಯಿಲಿಗೆ ಸೇರುತ್ತದೆ. ಹುಡುಗ ಹೀಗೆ ಹನ್ನೊಂದು ವಾರ ಮಾಡಿದ್ದ. ನನ್ನ ಅಂದಾಜಿಗೆ ಮುಕ್ಕಾಲು ಲೀಟರಿನಷ್ಟು ಪೆಟ್ರೋಲು ಉರಿದಿರಬೇಕು, ಅಷ್ಟೇ ನೀರು ಹುಟ್ಟಿರಬೇಕು. ಅದರಲ್ಲಿ ಒಳಗೆ ಉಳಿದದ್ದನ್ನು ನಾವು ಕಣ್ಣಾರೆ ಕಂಡೆವು.

ಬ್ಯಾಟರಿಯ ಲೆಕ್ಕವೂ ಹಾಗೆಯೇ ಉಲ್ಟಾ ಹೊಡೆದಿತ್ತು. ಸ್ಟಾರ್ಟ್ ಮಾಡಿದರೆ ಚಾರ್ಜ್ ಆಗುತ್ತದೆ ಎಂಬುದು ಅವನ ನಂಬಿಕೆ. ಗಟ್ಟಿಯಾದ ಆಯಿಲಿನಲ್ಲಿ ಎಂಜಿನ್ ತಿರುಗಿಸಲು ಸ್ಟಾರ್ಟರ್ ಎಳೆದುಕೊಂಡಷ್ಟು ಕರೆಂಟನ್ನು, ಹೆಡ್‌ಲೈಟ್ ಉರಿಸುತ್ತಾ ನಿಧಾನಗತಿಯಲ್ಲಿ ಹತ್ತು ನಿಮಿಷ ಓಡಿದ ಎಂಜಿನ್ ಹಿಂದಕ್ಕೆ ಕೊಡುವುದಿಲ್ಲ. ಪ್ರತಿ ವಾರವೂ ಜಮೆಗಿಂತ ಖರ್ಚು ಹೆಚ್ಚು. ಜನವರಿ ಕೊನೆಗೆ ಖಾತೆ ಬರಿದಾಯಿತು.

ಕಾರಿನ ಪಾತ್ರವನ್ನು ಅವನು ಊಹಿಸಿಯೇ ಇರಲಿಲ್ಲ. ಆ ವರ್ಷ ಹಿಮ ವಿಪರೀತ. ಟ್ವಿನ್ ಸಿಟೀಸ್‌ನಲ್ಲಿ, ಅಂದರೆ ಮಿನಿಯಾಪೊಲಿಸ್ ಮತ್ತು ಸೇಂಟ್ ಪಾಲ್ ಎಂಬ ಅವಳಿ ನಗರಗಳಲ್ಲಿ, ಆ ಋತುವಿನ ಒಟ್ಟು ಹಿಮ 90 ಇಂಚು ತಲುಪಿತ್ತು. ಇಲ್ಲಿ ರಸ್ತೆಯ ಹಿಮ ಕರಗಿಸಲು ಉಪ್ಪು ಸುರಿಯುತ್ತಾರೆ. ಪ್ರತಿ ಸಂಜೆ ಬಿಸಿ ಎಂಜಿನ್ನಿನ ಕಾರು, ಚಕ್ರದ ಗೂಡುಗಳಲ್ಲಿ ಉಪ್ಪುಹಿಮ ಹೊತ್ತು ಗ್ಯಾರೇಜಿಗೆ ಬಂದು ಬೈಕಿನಿಂದ ಎರಡಡಿ ದೂರದಲ್ಲಿ ನಿಲ್ಲುತ್ತಿತ್ತು. ಆ ಹಿಮ ಕರಗಿ ನೆಲದಲ್ಲಿ ಉಪ್ಪುನೀರು ನಿಲ್ಲುತ್ತಿತ್ತು, ಕಾರಿನ ಬಿಸಿಗೆ ಗ್ಯಾರೇಜಿನ ಗಾಳಿಯೆಲ್ಲ ತೇವವಾಗುತ್ತಿತ್ತು. ಫೋರ್ಕಿನ ಒಂದೇ ಪಕ್ಕ ತುಕ್ಕು ಹಿಡಿದಿದ್ದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ. ಮೇಲೆ ಹೊದಿಸಿದ ಪ್ಲಾಸ್ಟಿಕ್ ಆ ತೇವವನ್ನು ಒಳಗೇ ಹಿಡಿದಿಟ್ಟಿತು.

ಬೈಕಿಗಿಂತ ದೊಡ್ಡ ವಿಷಯವೊಂದು ಇದರಲ್ಲಿತ್ತು. "ಎಂಜಿನ್ ಓಡಿಸುವಾಗ ಗ್ಯಾರೇಜಿನ ಬಾಗಿಲು ತೆರೆದಿರುತ್ತಿತ್ತೇ?" ಎಂದು ಕೇಳಿದೆ. ಮೊದಮೊದಲು ತೆರೆದಿರುತ್ತಿತ್ತು, ಆಮೇಲೆ ಚಳಿ ತಡೆಯಲಾಗದೆ ಅರ್ಧ ಇಳಿಸುತ್ತಿದ್ದೆ, ಒಂದೆರಡು ಸಲ ಪೂರ್ತಿ ಮುಚ್ಚಿದ್ದೆ ಎಂದ. ನನಗೆ ಮೈ ನಡುಗಿತು. ಇಂಗಾಲದ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ತಣ್ಣಗಿರುವ ಎಂಜಿನ್ ಅದನ್ನು ಹೆಚ್ಚಾಗಿಯೇ ಉಗುಳುತ್ತದೆ. ತಲೆ ಭಾರವಾಗಿ ನಿದ್ದೆ ಬಂದಂತಾಗುತ್ತದೆ, ಆ ನಿದ್ದೆಯಿಂದ ಏಳಲು ಆಗುವುದಿಲ್ಲ. ಮನೆಗೆ ಅಂಟಿಕೊಂಡ ಗ್ಯಾರೇಜಾದರೆ ಮಲಗುವ ಕೋಣೆಯವರೆಗೂ ಹರಡುತ್ತದೆ. ಅವನಿಗೆ ಒಬ್ಬ ಅಣ್ಣ ಬೈಯುವಷ್ಟು ಬೈದೆ. ಅವನು ತಲೆತಗ್ಗಿಸಿ ನಿಂತು ಕೇಳಿದ, ಮತ್ತೆ ಹಾಗೆ ಮಾಡುವುದಿಲ್ಲ ಎಂದ.

ರಿಪೇರಿಯ ಕಥೆ ಚಿಕ್ಕದು. ಹೊಸ ಬ್ಯಾಟರಿ, ಚೈನ್ ಮತ್ತು ಸ್ಪ್ರಾಕೆಟ್, ಏರ್ ಫಿಲ್ಟರ್, ಪ್ಲಗ್, ಎರಡು ಸಲ ಆಯಿಲ್ ಬದಲಾವಣೆ: ಹೊಸ ಆಯಿಲ್ ಹಾಕಿ ಒಂದು ಗಂಟೆ ಓಡಿಸಿ, ಒಳಗೆ ಉಳಿದ ಲೋಳೆಯನ್ನು ತೊಳೆದು ತರಲೆಂದು ಅದನ್ನೂ ಇಳಿಸಿ ಮತ್ತೆ ಹಾಕಿದೆವು. ಟ್ಯಾಂಕಿನ ತುಕ್ಕು ತೆಗೆಯಲು ಎರಡು ವಾರಾಂತ್ಯ ಹಿಡಿಯಿತು. ಫೋರ್ಕಿನ ಚುಕ್ಕೆಗಳನ್ನು ನಯವಾಗಿ ಉಜ್ಜಿದರೂ ಅವುಗಳ ಗುರುತು ಉಳಿಯಿತು. ಎಲ್ಲ ಸೇರಿ 400 ಡಾಲರ್ ದಾಟಿತು.

ಎರಡನೆಯ ಸಲ

2023ರ ಅಕ್ಟೋಬರ್ ಕೊನೆಯ ಶನಿವಾರವನ್ನು ನಾವು ಸೆಪ್ಟೆಂಬರಿನಲ್ಲೇ ಗುರುತು ಹಾಕಿಕೊಂಡೆವು. ಹಿಮ ಬಿದ್ದ ಮೇಲೆ ನೋಡೋಣ ಎನ್ನುವುದು ಈ ರಾಜ್ಯದಲ್ಲಿ ನಡೆಯುವುದಿಲ್ಲ. 1991ರಲ್ಲಿ ಅಕ್ಟೋಬರ್ 31ರಂದು ಶುರುವಾದ ಹಿಮಪಾತ ನಿಲ್ಲುವ ಹೊತ್ತಿಗೆ ಟ್ವಿನ್ ಸಿಟೀಸ್‌ನಲ್ಲಿ 28 ಇಂಚು ಹಿಮ ಬಿದ್ದಿತ್ತು. ಅದನ್ನು ಕಂಡವರು ಇಂದಿಗೂ ಆ ಮಾತು ಎತ್ತುತ್ತಾರೆ. ರಸ್ತೆಗೆ ಒಮ್ಮೆ ಉಪ್ಪು ಬಿದ್ದರೆ ಕೊನೆಯ ಸವಾರಿಯ ಅವಕಾಶ ಮುಗಿದಂತೆ.

ಕೆಲಸಗಳಿಗಿಂತ ಅವುಗಳ ಕ್ರಮ ಮುಖ್ಯ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಬೆಳಿಗ್ಗೆ ಮೊದಲು ಬೈಕು ತೊಳೆದೆವು. ತೊಳೆದ ಗಾಡಿಯನ್ನು ಹಾಗೇ ನಿಲ್ಲಿಸಿದರೆ ಬ್ರೇಕು, ಸ್ವಿಚ್ಚುಗಳ ಸಂದಿಯಲ್ಲಿ ನೀರು ಉಳಿಯುತ್ತದೆ. ಆದ್ದರಿಂದ ತೊಳೆದ ಕೂಡಲೇ ಅವನು ಝುಂಬ್ರೋ ನದಿಯ ದಂಡೆಯ ರಸ್ತೆಗಳಲ್ಲಿ ಒಂದೂವರೆ ಗಂಟೆ ಓಡಿಸಿ ಬಂದ. ಗಾಡಿ ಹೊರಗೂ ಒಳಗೂ ಒಣಗಿತು, ಆಯಿಲ್ ಚೆನ್ನಾಗಿ ಕಾಯಿತು.

ಮರಳುವಾಗ ಮನೆಯ ಹತ್ತಿರದ ಬಂಕಿನಲ್ಲಿ ಪೆಟ್ರೋಲು. ಮಿನೆಸೋಟಾದಲ್ಲಿ ಮಾಮೂಲಿ ಪೆಟ್ರೋಲಿಗೆ ಎಥನಾಲ್ ಬೆರೆಸುವುದು ಕಡ್ಡಾಯ. ಆದರೆ ಮೋಟರ್ ಸೈಕಲ್, ದೋಣಿ, ಹಳೆಯ ಸಂಗ್ರಹದ ಕಾರು, ಹಿಮವಾಹನ, ಹುಲ್ಲು ಕತ್ತರಿಸುವ ಯಂತ್ರದಂಥವುಗಳಿಗೆಂದು ಎಥನಾಲ್ ಇಲ್ಲದ ಪ್ರೀಮಿಯಂ ಪೆಟ್ರೋಲು ಮಾರಲು ಕಾನೂನೇ ಅವಕಾಶ ಕೊಟ್ಟಿದೆ. ಪಂಪಿನ ಮೇಲೆ ಹಾಗೆಂದು ಚೀಟಿಯೂ ಇರುತ್ತದೆ. ಬೆಲೆ ಜಾಸ್ತಿ. ವರ್ಷವಿಡೀ ಅದನ್ನೇ ಹಾಕುವ ಅಗತ್ಯವಿಲ್ಲ, ನಿಲ್ಲಿಸುವ ಆ ಒಂದು ಟ್ಯಾಂಕಿಗೆ ಹಾಕಿದರೆ ಹಣ ಸಾರ್ಥಕ. ಪೆಟ್ರೋಲು ಕೆಡದಂತೆ ಕಾಪಾಡುವ ಸ್ಟೆಬಿಲೈಸರ್ ದ್ರವವನ್ನು ಅಳತೆಯಂತೆ ಮೊದಲು ಸುರಿದು, ಅದರ ಮೇಲೆ ಪೆಟ್ರೋಲು ತುಂಬಿಸಿದೆವು. ಹಾಗೆ ಮಾಡಿದರೆ ಚೆನ್ನಾಗಿ ಬೆರೆಯುತ್ತದೆ. ಬಾಯಿಗಿಂತ ಎರಡು ಬೆರಳು ಕೆಳಗೆ ನಿಲ್ಲಿಸಿದೆವು: ತುಕ್ಕು ಹಿಡಿಯಲು ಖಾಲಿ ಜಾಗ ಉಳಿಯಬಾರದು, ಬಿಸಿಲು ಬಂದಾಗ ಪೆಟ್ರೋಲು ಹಿಗ್ಗಲು ಸ್ವಲ್ಪ ಜಾಗ ಇರಲೂಬೇಕು. ಬಂಕಿನಿಂದ ಮನೆಗೆ ಬರುವ ಹತ್ತು ನಿಮಿಷದಲ್ಲಿ ಆ ಮಿಶ್ರಣ ಪಂಪು, ಇಂಜೆಕ್ಟರುಗಳವರೆಗೂ ತಲುಪಿತು.

ಇದನ್ನು ಓದುವ ಕೆಲವರು ಮೈಸೂರಿನಲ್ಲೋ ಧಾರವಾಡದಲ್ಲೋ ಬೈಕು ಬಿಟ್ಟು ಹೊರದೇಶದಲ್ಲಿರಬಹುದು. ಶೇ 20ರಷ್ಟು ಎಥನಾಲ್ ಇರುವ ಪೆಟ್ರೋಲಿಗೆ 2023ರ ಫೆಬ್ರವರಿ 6ರಂದು ಚಾಲನೆ ಸಿಕ್ಕಿದ್ದು ಬೆಂಗಳೂರಿನಲ್ಲೇ, ಈಗ ಅದು ದೇಶದೆಲ್ಲೆಡೆ ಹರಡಿದೆ. ಅಲ್ಲಿ ಹೆಪ್ಪುಗಟ್ಟುವ ಭಯವಿಲ್ಲ. ಆದರೆ ಶಾಖಕ್ಕೆ ಪೆಟ್ರೋಲು ಇಲ್ಲಿಗಿಂತ ಬೇಗ ಹಳಸುತ್ತದೆ, ಮಳೆಗಾಲದ ತೇವವೂ ಇದೆ. ತಿಂಗಳುಗಟ್ಟಲೆ ನಿಲ್ಲುವ ಗಾಡಿಯ ಟ್ಯಾಂಕನ್ನು ಅರ್ಧ ಖಾಲಿ ಬಿಡಬೇಡಿ ಎಂದು ಮನೆಯವರಿಗೆ ಹೇಳಿ.

ಮನೆಗೆ ಬಂದ ಕೂಡಲೇ, ಎಂಜಿನ್ ಇನ್ನೂ ಮುಟ್ಟಲಾಗದಷ್ಟು ಬಿಸಿಯಿರುವಾಗಲೇ ಆಯಿಲ್ ಇಳಿಸಿದೆವು. "ಮುಂದಿನ ಏಪ್ರಿಲ್‌ನಲ್ಲಿ ಹೇಗೂ ಬದಲಾಯಿಸಬೇಕಲ್ಲ ಅಣ್ಣಾ, ಈಗ ಯಾಕೆ?" ಎಂದು ಅವನು ಕೇಳಿದ. ಬೇಸಿಗೆಯೆಲ್ಲ ಓಡಿದ ಆಯಿಲಿನಲ್ಲಿ ಉರಿದ ಪೆಟ್ರೋಲಿನ ಆಮ್ಲಗಳೂ ತೇವವೂ ಸೇರಿರುತ್ತವೆ. ಅದು ಐದು ತಿಂಗಳು ಬೇರಿಂಗುಗಳ ಮೇಲೆ ಕುಳಿತಿರಬಾರದು. ಹೊಸ ಆಯಿಲನ್ನು ಚಳಿಗಾಲಕ್ಕೆ ಮುಂಚೆ ಹಾಕಬೇಕು, ಆಮೇಲೆ ಅಲ್ಲ. ಹಾಕಿ, ಫಿಲ್ಟರ್ ತುಂಬುವಷ್ಟು ಹೊತ್ತು, ಒಂದೇ ನಿಮಿಷ, ಬಾಗಿಲಾಚೆ ಅಂಗಳದಲ್ಲಿ ಎಂಜಿನ್ ಓಡಿಸಿದೆವು. ಲೋಹ ಬಿಸಿಯಾಗಿದ್ದುದರಿಂದ ಆವಿ ನೀರಾಗುವ ಪ್ರಶ್ನೆ ಇರಲಿಲ್ಲ. ಆ ದಿನದ ಕೊನೆಯ ಸ್ಟಾರ್ಟು ಅದು.

ಪ್ಲಗ್ ಬಿಚ್ಚಿ ಆ ರಂಧ್ರದೊಳಗೆ ಒಂದು ಟೀ ಚಮಚ ಹೊಸ ಆಯಿಲ್ ಬಿಟ್ಟು, ಡಬಲ್ ಸ್ಟ್ಯಾಂಡ್ ಮೇಲೆ ಟಾಪ್ ಗೇರಿನಲ್ಲಿಟ್ಟು ಹಿಂದಿನ ಚಕ್ರವನ್ನು ಕೈಯಿಂದ ನಿಧಾನವಾಗಿ ತಿರುಗಿಸಿದೆವು. ಪಿಸ್ಟನ್ ಮೇಲೆ ಕೆಳಗೆ ಆಡಿ ಗೋಡೆಗೆ ಎಣ್ಣೆ ಸವರಿತು. ಐದು ತಿಂಗಳಿಗೆ ಇದು ಬೇಕೇ ಬೇಕು ಎಂದು ನಾನು ವಾದಿಸುವುದಿಲ್ಲ, ಇದಿಲ್ಲದೆ ಚೆನ್ನಾಗಿ ಉಳಿದ ಎಂಜಿನ್ನುಗಳನ್ನೂ ಕಂಡಿದ್ದೇನೆ. ಹಿಂದಿನ ವರ್ಷ ಅಷ್ಟು ತೊಳೆದುಹೋಗಿದ್ದ ಈ ಸಿಲಿಂಡರಿಗೆ ಮಾತ್ರ ಕೊಡಲೇಬೇಕು ಅನ್ನಿಸಿತು.

ಚೈನನ್ನು ಸೀಮೆಎಣ್ಣೆಯಲ್ಲಿ ತೊಳೆದು ಒರೆಸಿ ಎಣ್ಣೆ ಹಾಕಿದೆವು. ಫೋರ್ಕಿನ ಕೊಳವೆಗೂ ತೆಳುವಾಗಿ ಎಣ್ಣೆ ಸವರಿದೆವು, ಬ್ರೇಕ್ ಡಿಸ್ಕಿಗೆ ಹನಿಯೂ ತಾಗದಂತೆ ಎಚ್ಚರ ವಹಿಸಿ. ಟಯರ್ ಗಾಳಿಯ ಲೆಕ್ಕ ಅವನನ್ನು ಬೆರಗುಗೊಳಿಸಿತು: 20 ಡಿಗ್ರಿಯಲ್ಲಿ 32 ಪೌಂಡ್ ಒತ್ತಡ ತುಂಬಿದ ಟಯರ್, ಎಲ್ಲೂ ಸೋರದೆಯೇ, ಸೊನ್ನೆಗಿಂತ 25 ಡಿಗ್ರಿ ಕೆಳಗೆ 25 ಪೌಂಡಿಗೆ ಇಳಿಯುತ್ತದೆ. ಆದ್ದರಿಂದ ಟಯರಿನ ಮೇಲೆ ಬರೆದ ಗರಿಷ್ಠ ಒತ್ತಡದ ಹತ್ತಿರಕ್ಕೆ ತುಂಬಿಸಿ, ಡಬಲ್ ಸ್ಟ್ಯಾಂಡಿನಲ್ಲಿ ನಿಲ್ಲಿಸಿ, ನೆಲದಲ್ಲೇ ಉಳಿದ ಮುಂದಿನ ಚಕ್ರದ ಕೆಳಗೆ ಮರದ ಹಲಗೆ ಕೊಟ್ಟೆವು.

ಇಲಿಗೆ ಉತ್ತರ ಉಕ್ಕಿನ ನಾರು. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಉಂಡೆಗಳನ್ನು ಸೈಲೆನ್ಸರಿನ ಬಾಯಿಗೂ ಏರ್ ಫಿಲ್ಟರಿನ ಗಾಳಿದಾರಿಗೂ ತುರುಕಿ, ಎರಡಕ್ಕೂ ಉದ್ದನೆಯ ಕೆಂಪು ಬಟ್ಟೆ ಕಟ್ಟಿದೆವು. ಅದರ ಇನ್ನೊಂದು ತುದಿ ಹ್ಯಾಂಡಲ್‌ಗೆ. ಏಪ್ರಿಲ್‌ನಲ್ಲಿ ಮರೆತು ಸ್ಟಾರ್ಟ್ ಮಾಡಬಾರದಲ್ಲ. ಗ್ಯಾರೇಜಿನ ಮೂಲೆಗಳಲ್ಲಿ ಇಲಿಬೋನು ಇಟ್ಟೆವು.

ಕಾರನ್ನು ಚಳಿಗಾಲದ ಮಟ್ಟಿಗೆ ಅಂಗಳಕ್ಕೆ ಹಾಕಲು ಅವನು ಒಪ್ಪಿದ. ಬೆಳಿಗ್ಗೆ ಗಾಜಿನ ಮೇಲಿನ ಹಿಮ ಕೆರೆಯುವ ಕಷ್ಟ ಅವನ ಪಾಲಿಗೆ ಬಂತು. ಇಡೀ ತಯಾರಿಯಲ್ಲಿ ಬೈಕಿಗೆ ಹೆಚ್ಚು ಉಪಕಾರ ಮಾಡಿದ್ದು ಇದೇ ಎಂದು ನಾನು ನಂಬುತ್ತೇನೆ. ಟಾರ್ಪಾಲಿನ್ ಬಿಸಾಡಿ, ಅವನ ಅಮ್ಮ ಊರಿನಿಂದ ಕಳಿಸಿದ್ದ ಹಳೆಯ ಹತ್ತಿಯ ಮೇಲುಹೊದಿಕೆಯನ್ನೇ ಹೊದಿಸಿದೆವು. ಹತ್ತಿಯಲ್ಲಿ ಗಾಳಿಯಾಡುತ್ತದೆ, ತೇವ ಕಟ್ಟಿಕೊಳ್ಳುವುದಿಲ್ಲ.

ಬ್ಯಾಟರಿಯ ವಿಷಯದಲ್ಲಿ ಅವನ ಮಾತು ನಡೆಯಿತು. ಅದನ್ನು ಬಿಚ್ಚಿ ಮನೆಯೊಳಗೆ ಇಡೋಣ ಎಂದೆ. ಗಾಡಿಯಲ್ಲೇ ಇರಲಿ, ತುಂಬಿದ ಮೇಲೆ ತಾನಾಗಿ ತಗ್ಗುವ ಸಣ್ಣ ಚಾರ್ಜರ್ ಕಟ್ಟಿಬಿಡೋಣ ಎಂದ. ಅದೂ ಸರಿಯಾದ ವಿಧಾನವೇ, ಒಪ್ಪಿದೆ. ಆ ದಿನ ಮೀಟರ್ ತೋರಿಸಿದ್ದು 12.8 ವೋಲ್ಟ್.

ನಡುವೆ ಬಂದ ಬೇಸಿಗೆ

ಆ ಚಳಿಗಾಲ ಚಳಿಗಾಲದಂತಿರಲಿಲ್ಲ. ಟ್ವಿನ್ ಸಿಟೀಸ್‌ನ ದಾಖಲೆಯಲ್ಲೇ ಅತ್ಯಂತ ಬೆಚ್ಚಗಿನದು. ರಾತ್ರಿ ಸೊನ್ನೆಗಿಂತ 20 ಡಿಗ್ರಿಗೂ ಕೆಳಗೆ ಇಳಿದದ್ದು ಜನವರಿ ನಡುವಿನ ಕೆಲವೇ ದಿನ. ಹಾಗಾಗಿ ಎರಡೂ ವರ್ಷಗಳನ್ನು ತಕ್ಕಡಿಯಲ್ಲಿಟ್ಟು ತೂಗುವುದು ಪೂರ್ತಿ ನ್ಯಾಯವಲ್ಲ. ಬ್ಯಾಟರಿಯ ಮಟ್ಟಿಗಂತೂ ಎರಡನೆಯ ವರ್ಷ ಸುಲಭದ್ದು. ತೇವದ ಮಟ್ಟಿಗೆ ಹಾಗಲ್ಲ. ಹೆಪ್ಪುಗಟ್ಟುವುದು, ಕರಗುವುದು ಮತ್ತೆ ಮತ್ತೆ ನಡೆದಾಗ ತಣ್ಣನೆಯ ಲೋಹಕ್ಕೆ ಬೆಚ್ಚನೆಯ ಗಾಳಿ ತಾಗಿ ಬೆವರುವುದೂ ಮತ್ತೆ ಮತ್ತೆ ನಡೆಯುತ್ತದೆ.

ಜನವರಿ ಕೊನೆಯಲ್ಲಿ ಹಗಲಿನ ಉಷ್ಣತೆ 10 ಡಿಗ್ರಿ ದಾಟಿತು. ರಸ್ತೆಯಲ್ಲಿ ಹಿಮವಿಲ್ಲ. ಫೋನ್ ಬಂತು: "ಅಣ್ಣಾ, ಸ್ವಲ್ಪ ಹೊತ್ತು ಸ್ಟಾರ್ಟ್ ಮಾಡಿ ನೋಡಲೇ?" ಸ್ವಲ್ಪ ಹೊತ್ತು ಬೇಡ ಎಂದೆ. ಓಡಿಸುವುದಾದರೆ ಒಂದು ಗಂಟೆಗೆ ಕಡಿಮೆಯಿಲ್ಲದಂತೆ ಓಡಿಸು, ಬಂದು ಟ್ಯಾಂಕನ್ನು ಅದೇ ಪೆಟ್ರೋಲಿನಿಂದ ತುಂಬಿಸು, ಕೆಳಭಾಗ ತೊಳೆದು ಒಣಗಿಸು, ಚೈನಿಗೆ ಮತ್ತೆ ಎಣ್ಣೆ ಹಾಕು, ಉಂಡೆಗಳನ್ನು ಮತ್ತೆ ತುರುಕು. ಅಷ್ಟು ಮಾಡಲು ಮನಸ್ಸಿಲ್ಲದಿದ್ದರೆ ಕೀಲಿಯನ್ನು ಮುಟ್ಟಬೇಡ. ಅವನು ಒಂದು ದಿನ ಯೋಚಿಸಿ, ಫೆಬ್ರವರಿ ಮೊದಲ ಶನಿವಾರ 65 ಕಿಲೋಮೀಟರ್ ದೂರದ ವಬಾಷಾಕ್ಕೆ ಹೋಗಿ ಬಂದ. ಅಲ್ಲಿ ಮಿಸಿಸಿಪ್ಪಿ ನದಿಯ ಒಂದು ಭಾಗ ಚಳಿಗಾಲದಲ್ಲೂ ಹೆಪ್ಪುಗಟ್ಟುವುದಿಲ್ಲ, ಮೀನಿಗಾಗಿ ಬಿಳಿತಲೆಯ ಹದ್ದುಗಳು ಸೇರುತ್ತವೆ. ಅವುಗಳ ಚಿತ್ರ ಕಳಿಸಿದ. ಸಂಜೆ ಎಲ್ಲ ಕೆಲಸ ಮುಗಿಸಿ, ಕಟ್ಟಿದ ಕೆಂಪು ಬಟ್ಟೆಯ ಚಿತ್ರವನ್ನೂ ಕಳಿಸಿದ.

ಫೆಬ್ರವರಿ ಕೊನೆಯಲ್ಲಿ ಒಂದು ತೊಡಕಾಯಿತು. ಚಾರ್ಜರಿನ ಹಸಿರು ದೀಪ ಆರಿದ್ದನ್ನು ಅವನು ಗಮನಿಸಿದ. ಗ್ಯಾರೇಜಿನ ಸಾಕೆಟ್ ತೇವ ತಾಗಿದರೆ ಕರೆಂಟನ್ನು ತಾನಾಗಿ ಕಡಿಯುವ ಸುರಕ್ಷಾ ಸಾಕೆಟ್. ಹಿಮ ಕರಗಿ ಗೋಡೆ ಬೆವರಿದಾಗ ಅದು ಕಡಿದುಬಿಟ್ಟಿತ್ತು, ಯಾವಾಗ ಎಂಬುದು ತಿಳಿಯದು. ಬ್ಯಾಟರಿ 12.4 ವೋಲ್ಟಿಗೆ ಇಳಿದಿತ್ತು. ಹಿಂದಿನ ವರ್ಷದಂಥ ಚಳಿಯಿದ್ದು, ಇನ್ನೂ ಒಂದು ತಿಂಗಳು ಯಾರೂ ನೋಡದೆ ಹೋಗಿದ್ದರೆ ಮತ್ತೆ ಹೊಸ ಬ್ಯಾಟರಿ ತರಬೇಕಾಗಬಹುದಿತ್ತು. ಅಂದೇ ಅದನ್ನು ಬಿಚ್ಚಿ ಮನೆಯೊಳಗೆ ಒಯ್ದು ಚಾರ್ಜ್ ಮಾಡಿದ. ಈಗ ನಾನು ಯಾರಿಗೇ ಹೇಳಿದರೂ ಬ್ಯಾಟರಿ ಒಳಗಿಡಿ ಎಂದೇ ಹೇಳುತ್ತೇನೆ.

2024ರ ಏಪ್ರಿಲ್ ಮೊದಲ ವಾರ, ರಸ್ತೆಯ ಉಪ್ಪನ್ನು ಎರಡು ಮಳೆ ತೊಳೆದ ಮೇಲೆ, ನಾನು ಮತ್ತೆ ಆ ಗ್ಯಾರೇಜಿಗೆ ಹೋದೆ. ಆಯಿಲಿನ ಮುಚ್ಚಳ ತೆಗೆದು ಒಳಬದಿಗೆ ಬೆರಳಾಡಿಸಿದೆ. ಜೇನುತುಪ್ಪದ ಬಣ್ಣದ ಎಣ್ಣೆ ಬಿಟ್ಟರೆ ಏನೂ ಅಂಟಲಿಲ್ಲ. ಟ್ಯಾಂಕಿನೊಳಗೆ ಟಾರ್ಚ್ ಬಿಟ್ಟೆವು, ಹೊಸ ಕೆಂಪು ಎಲ್ಲೂ ಇರಲಿಲ್ಲ. ಹುಡುಗ ಬ್ಯಾಟರಿ ಕೂರಿಸಿದ, ಎರಡೂ ಉಂಡೆಗಳನ್ನು ಎಳೆದು ತೆಗೆದ, ಟಯರಿನ ಗಾಳಿ ಸರಿಮಾಡಿದ, ಬೈಕನ್ನು ಅಂಗಳಕ್ಕೆ ತಳ್ಳಿಕೊಂಡು ಬಂದ. ಸ್ಟಾರ್ಟರ್ ಒತ್ತಿದ. ಎರಡನೆಯ ಸೆಕೆಂಡಿಗೆ ಎಂಜಿನ್ ಹಿಡಿಯಿತು. ಅವನು ಆಗಲೇ ದಾವಣಗೆರೆಗೆ ವಿಡಿಯೋ ಕರೆ ಮಾಡಿದ್ದ. ಅಪ್ಪ ಎಂಜಿನ್ನಿನ ಸದ್ದನ್ನು ಸ್ವಲ್ಪ ಹೊತ್ತು ಗಮನವಿಟ್ಟು ಕೇಳಿ, "ವಾರವಾರ ಸ್ಟಾರ್ಟ್ ಮಾಡುತ್ತಿದ್ದೆ ತಾನೇ?" ಎಂದರು. ಹುಡುಗ ನನ್ನ ಮುಖ ನೋಡಿದ. ಹೇಳು ಎಂದು ಸನ್ನೆ ಮಾಡಿದೆ. ಅವನು ಎಂಜಿನ್ ಓಡುತ್ತಿರಲು ಬಿಟ್ಟು, ಮೆಟ್ಟಿಲ ಮೇಲೆ ಕುಳಿತು, ಹಿಂದಿನ ಏಪ್ರಿಲ್‌ನ ಕಾಫಿ ಬಣ್ಣದ ಆಯಿಲಿನಿಂದ ಶುರುಮಾಡಿ ಅಪ್ಪನಿಗೆ ಎಲ್ಲವನ್ನೂ ವಿವರಿಸತೊಡಗಿದ.